ನಿಧಾನದ ಬೆರಳು

ಕಪಿಲಾ ನದಿಯ ದಡದಲ್ಲಿ ಒಬ್ಬ ಗುರು ಇದ್ದರು. ಜಟೆ ಇರಲಿಲ್ಲ, ಕಾವಿ ಇರಲಿಲ್ಲ. ಕಿವಿಯ ಮೇಲೆ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು.

ಹೆಸರು ಮೌನಾಚಾರ್. ಆ ಹೆಸರಿಟ್ಟವರು ಯಾರೋ, ಅವರನ್ನು ಹಿಡಿದು ಕೇಳಬೇಕು. ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚಿದವರಲ್ಲ. ಆದರೆ ಶಿಷ್ಯ ಏನಾದರೂ ಕೇಳಿದರೆ ಮಾತ್ರ ನೆಟ್ಟಗೆ ಉತ್ತರ ಬರುತ್ತಿರಲಿಲ್ಲ.

ಆಶ್ರಮ ಅಂದರೆ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಎರಡು ಕೋಣೆಯ ಮನೆ. ಸುತ್ತಲಿನ ಊರುಗಳ ಕೆಟ್ಟ ಮೋಟಾರು, ಮಿಕ್ಸಿ, ರೇಡಿಯೋ ಎಲ್ಲ ಅಲ್ಲಿಗೆ ಬರುತ್ತಿದ್ದವು. ಕಲಿಯಲು ಬಂದವರಲ್ಲಿ ಕೊನೆಗೆ ಉಳಿದವನು ಮುದ್ದುರಂಗ ಒಬ್ಬನೇ. ವಯಸ್ಸು ಮೂವತ್ತು. ಕೈ ಚುರುಕು, ತಲೆ ಚುರುಕು, ತಾಳ್ಮೆ ಸೊನ್ನೆ.

ಗುರುಪತ್ನಿ ಸಾವಂತ್ರಮ್ಮ. ರಂಗನಿಗೆ ಹತ್ತು ವರ್ಷ ಅನ್ನ ಹಾಕಿದ ತಾಯಿ. ತಡವಾಗಿ ಊಟಕ್ಕೆ ಬಂದರೆ ಸೌಟಿನ ಏಟೂ ಹಾಕುತ್ತಿದ್ದರು.

ದೀಪಾವಳಿ ಕಳೆದ ವಾರವೇ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಎಡಗಡೆಯೂ ಸೋತಿತು. ಮಾತು ಹೋಯಿತು. ಅಲ್ಲಾಡುವುದು ಅಂತ ಉಳಿದದ್ದು ಎಡಗೈಯ ತೋರುಬೆರಳು. ಕಣ್ಣು, ಕಿವಿ, ನೆನಪು ಎಲ್ಲ ಮೊದಲಿನ ಹಾಗೇ ಇದ್ದವು.

ಪಕ್ಕದಲ್ಲಿ ಕರೆಗಂಟೆಯ ಸ್ವಿಚ್ ಇಟ್ಟು ನೋಡಿದರು. ಒತ್ತಲು ಆ ಬೆರಳಿಗೆ ಶಕ್ತಿ ಸಾಲಲಿಲ್ಲ.

ಗುರು ಶಿಷ್ಯನನ್ನು ಕರೆದರು.

“ರಂಗ, ಒತ್ತೋದು ಬೇಡ. ಮುಟ್ಟಿದರೆ ಸಾಕು ಅನ್ನೋ ಹಾಗೆ ಒಂದು ಮಾಡು.”

“ನೀವೇ ಮಾಡಿದ್ರೆ ಚೆನ್ನಾಗಿರುತ್ತೆ ಆಚಾರ್ರೇ.”

“ನನ್ನ ಕಣ್ಣಿಗೆ ಪೊರೆ ಬಂದಿದೆ ಕಣೋ. ಸೋಲ್ಡರ್ ಹಚ್ಚೋಕೆ ಹೋಗಿ ನನ್ನ ಬೆರಳಿಗೇ ಹಚ್ಕೋತೀನಿ. ನಿನ್ನ ಅಮ್ಮಾವ್ರಿಗೆ ನೀನೇ ಮಾಡು.”

ರಂಗ ಮೂರು ದಿನದಲ್ಲಿ ಮಾಡಿದ.

ಒಂದು ಗಾಜಿನ ಹಲಗೆ, ಅಡಿಯಲ್ಲಿ ನಾಲ್ಕು ತಾಮ್ರದ ಬಿಲ್ಲೆ. ಬಿಲ್ಲೆಗೊಂದು ಚೀಟಿ: ನೀರು, ನೋವು, ಹೊರಳಿಸಿ, ಬನ್ನಿ. ಹಲಗೆಗೆ ಅಂಟಿಕೊಂಡ ಹಾಗೆ ಒಂದು ಡಬ್ಬಿ. ಬೆರಳು ಬಂದರೆ ತಾಮ್ರ ಹಿಡಿದಿಡುವ ವಿದ್ಯುತ್ತು ಒಂದು ಚೂರು ಹೆಚ್ಚುತ್ತದೆ. ಡಬ್ಬಿ ಅದನ್ನು ಎಣಿಸಿ ಅಂಕಿಯಲ್ಲಿ ತೋರಿಸುತ್ತದೆ, ಗಡಿ ದಾಟಿದರೆ ಗಂಟೆ ಹೊಡೆದು ಆ ಬಿಲ್ಲೆಯ ದೀಪ ಹಚ್ಚುತ್ತದೆ. ಗಂಟೆ ಶೆಡ್ಡಿಗೂ ಕೇಳುವಷ್ಟು ಜೋರು.

ಗುರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಯಾರೂ ಮುಟ್ಟದಿದ್ದಾಗ ಲೆಕ್ಕ ಎಷ್ಟು?”

“ಆರು ನೂರು.”

“ನಿಮ್ಮಮ್ಮಾವ್ರು ಮುಟ್ಟಿದರೆ?”

“ಹದಿನೆಂಟು ಹೆಚ್ಚುತ್ತೆ. ನಾನು ಮುಟ್ಟಿದರೆ ನಲವತ್ತು. ಆರು ನೂರ ಹನ್ನೆರಡು ದಾಟಿದರೆ ಗಂಟೆ ಅಂತ ಇಟ್ಟಿದ್ದೀನಿ.”

“ಯಾರೂ ಮುಟ್ಟದಿದ್ದಾಗ ಆರು ನೂರು ಅಂದೆಯಲ್ಲ. ಯಾವತ್ತು?”

“ಯಾವತ್ತು ಅಂದ್ರೆ? ಇವತ್ತು.”

“ಸರಿ,” ಅಂದರು ಗುರು. ಅವರು ‘ಸರಿ’ ಅಂದರೆ ಏನೋ ಎಡವಟ್ಟಿದೆ ಅಂತಲೇ ಅರ್ಥ. ಹತ್ತು ವರ್ಷವಾದರೂ ರಂಗನಿಗೆ ಅದು ತಲೆಗೆ ಹೋಗಿರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಗಂಟೆ ಹೊಡೆಯಿತು. ನಾಲ್ಕೂ ದೀಪ ಒಟ್ಟಿಗೆ ಹತ್ತಿದವು. ಗುರು ನದಿಯಿಂದ ಒದ್ದೆ ಪಂಚೆಯಲ್ಲೇ ಓಡಿ ಬಂದರು. ರಂಗ ಶೆಡ್ಡಿನಿಂದ ಓಡಿ ಬಂದ.

ಸಾವಂತ್ರಮ್ಮ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಕೈ ಹೊದಿಕೆಯ ಒಳಗಿತ್ತು.

ಹೊರಗೆ ಹೊಳೆಯ ಮಂಜು ಎದುರಿನ ದಡ ಕಾಣದಷ್ಟು ಕವಿದಿತ್ತು. ತೆರೆದ ಕಿಟಕಿಯಿಂದ ಒಳಗೂ ಬಂದಿತ್ತು. ಗಾಜು ತೇವವಾಗಿ ಲೆಕ್ಕ ತಾನಾಗಿಯೇ ಆರು ನೂರ ಇಪ್ಪತ್ತೈದಕ್ಕೆ ಏರಿ ಕೂತಿತ್ತು.

“ಮಂಜು ನೀರು ಕೇಳ್ತಾ ಇದೆ ಕಣೋ,” ಅಂದರು ಗುರು. “ನೋವೂ ಇದೆಯಂತೆ. ಹೊರಳಿಸ್ತೀಯೇನು?”

ರಂಗನಿಗೆ ನಾಚಿಕೆಯಾಯಿತು. “ಗಡಿ ಮೇಲಕ್ಕೆ ಇಡ್ತೀನಿ ಆಚಾರ್ರೇ. ಆರು ನೂರ ನಲವತ್ತು ದಾಟಬೇಕು ಅಂತ.”

“ಆಗ ಮಂಜು ಬಾಯಿ ಮುಚ್ಕೊಳ್ಳುತ್ತೆ. ಇವಳೂ ಮುಚ್ಕೋಬೇಕಾಗುತ್ತೆ. ಬಾ ನನ್ನ ಜೊತೆ.”

ಗುರು ಅವನನ್ನು ನದಿಗೆ ಕರೆದುಕೊಂಡು ಹೋದರು. ಸೋಪಾನದ ಕೊನೆಯ ಮೆಟ್ಟಿಲಲ್ಲಿ ನೀರಿಗಿಳಿಸಿ ನಿಲ್ಲಿಸಿದರು.

“ಕಣ್ಣು ಮುಚ್ಚು. ನೀರು ಎಲ್ಲಿಗಿದೆ?”

“ಮೊಣಕಾಲಿಗೆ.”

“ನಿಂತಿರು.”

ನಿಂತ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ದಿನ ಅದು. ಗುರು ಮೆಟ್ಟಿಲ ಮೇಲೆ ಕೂತು ಮಿಕ್ಸಿ ರಿಪೇರಿಗೆ ಬಂದಿದ್ದ ಒಬ್ಬಾಕೆಯ ಸಂಸಾರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದರು.

“ಈಗ ನೀರು ಏರಿದೆಯಾ?”

“ಇಲ್ಲ ಆಚಾರ್ರೇ. ಹಾಗೇ ಇದೆ.”

ಗುರು ಒಂದು ಬೊಗಸೆ ನೀರು ಎತ್ತಿ ಅವನ ಬೆನ್ನಿಗೆ ಎರಚಿದರು.

“ಅಯ್ಯಪ್ಪಾ!” ರಂಗ ಹಾರಿಬಿದ್ದ. ಕಣ್ಣು ಬಿಟ್ಟು ನೋಡಿದರೆ ನೀರು ಅರ್ಧ ತೊಡೆಗೆ ಬಂದಿತ್ತು.

“ಒಂದು ಗೇಣು ನೀರು ಏರಿದ್ದು ಗೊತ್ತಾಗ್ಲಿಲ್ಲ. ಒಂದು ಬೊಗಸೆ ಗೊತ್ತಾಯ್ತು,” ಅಂದರು ಗುರು.

ರಂಗ ನೀರಲ್ಲೇ ನಿಂತು ಯೋಚಿಸಿದ. ಅವನ ಮುಖ ಅರಳಿತು.

“ಲೆಕ್ಕ ಎಷ್ಟಿದೆ ಅಂತ ನೋಡಬಾರದು. ಈಗ ತಾನೇ ಇದ್ದದ್ದಕ್ಕಿಂತ ಎಷ್ಟು ಹೆಚ್ಚಾಯ್ತು ಅಂತ ನೋಡಬೇಕು! ಮಂಜು ಏರಿದ ಹಾಗೆ ಯಾರೂ ಮುಟ್ಟದಿರುವಾಗಿನ ಲೆಕ್ಕವೂ ಏರ್ತಾ ಹೋಗ್ಬೇಕು. ಅದಕ್ಕೆ ಬೇಸ್‌ಲೈನ್ ಅಂತಾರೆ.”

“ಹಾಗಂತ ಪುಸ್ತಕದವರು ಕರೀತಾರೆ. ಊರಿಗೆ ಬಂದವರನ್ನ ಯಾಕಪ್ಪಾ ಬಂದೆ ಅಂತ ಕೇಳಿದರೆ, ಕೆಲಸ ಏನೂ ಇಲ್ಲದಿದ್ದಾಗ ಏನಂತಾರೆ?”

“ಸುಮ್ಮನೆ ಬಂದೆ ಅಂತಾರೆ.”

“ಆ ಲೆಕ್ಕದ ಹೆಸರು ‘ಸುಮ್ಮನೆ’. ಹೋಗು, ಡಬ್ಬಿಗೆ ‘ಸುಮ್ಮನೆ’ ಅಂದರೆ ಏನು ಅಂತ ಕಲಿಸು.”

ರಂಗ ಕಲಿಸಿದ. ಲೆಕ್ಕ ಏರಿದರೆ ‘ಸುಮ್ಮನೆ’ಯೂ ಹಿಂದೆಯೇ ಏರಬೇಕು, ಸೆಕೆಂಡಿಗೆ ಎರಡರಂತೆ. ‘ಸುಮ್ಮನೆ’ಗಿಂತ ಹನ್ನೆರಡು ಹೆಚ್ಚಾದರೆ ಗಂಟೆ. ತನ್ನ ಬೆರಳಿಟ್ಟು ನೋಡಿದ, ಹೊಡೆಯಿತು. ಗುರುಗಳ ಬೆರಳಿಡಿಸಿ ನೋಡಿದ, ಹೊಡೆಯಿತು. ಮಂಜಿನ ಬೆಳಗ್ಗೆ ಕಾದು ಕೂತ, ಪಿಟ್ಟೆನ್ನಲಿಲ್ಲ. ಅವನಿಗೆ ಕುಣಿಯುವಂತಾಯಿತು. ಸಾವಂತ್ರಮ್ಮನ ಬೆರಳಿಡಿಸಿ ನೋಡುವುದು ಅವನಿಗೆ ಹೊಳೆಯಲೇ ಇಲ್ಲ.

ಭಾನುವಾರ ಮಧ್ಯಾಹ್ನ ಸಾವಂತ್ರಮ್ಮನ ತಂಗಿ ಪುಟ್ಟಗೌರಮ್ಮ ಮೈಸೂರಿನಿಂದ ಬಂದರು. ಶೆಡ್ಡಿನಲ್ಲಿ ಭಾವನನ್ನು ಮಾತಾಡಿಸಿ, ಅಕ್ಕನ ಕೋಣೆಗೆ ಹೋದರು. ಹೋದವರೇ ಚೀರಿದರು. ಗುರು, ರಂಗ ಇಬ್ಬರೂ ಓಡಿ ಬಂದರು.

ಸಾವಂತ್ರಮ್ಮನ ಬೆರಳು ‘ನೀರು’ ಅನ್ನುವ ಬಿಲ್ಲೆಯ ಮೇಲಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಕಣ್ಣಿನಿಂದ ಇಳಿದ ನೀರು ಕಿವಿಯ ತನಕ ಹೋಗಿ ದಿಂಬು ನೆನೆದಿತ್ತು.

ಗಂಟೆ ಹೊಡೆದೇ ಇರಲಿಲ್ಲ.

ಪುಟ್ಟಗೌರಮ್ಮ ಚಮಚದಲ್ಲಿ ನೀರು ಕುಡಿಸಿದರು. ಆಮೇಲೆ ಭಾವನ ಕಡೆ ತಿರುಗಿದರು.

“ಇದೇನು ಭಾವ, ನಮ್ಮಕ್ಕ ಏನು ನಿಮ್ಮ ಶೆಡ್ಡಿಗೆ ರಿಪೇರಿಗೆ ಬಂದ ರೇಡಿಯೋನಾ? ಪ್ರಯೋಗ ಮಾಡ್ತಾ ಕೂತಿದ್ದೀರಲ್ಲ! ಮೈಸೂರಲ್ಲಿ ಆರೈಕೆ ಮನೆ ಇದೆ. ಮೂರು ಹೊತ್ತೂ ನರ್ಸು. ಶುಕ್ರವಾರ ಕಾರು ತರ್ತೀನಿ, ಕರ್ಕೊಂಡು ಹೋಗ್ತೀನಿ.”

ಗುರು ಮಾತಿಲ್ಲದೆ ನಿಂತದ್ದನ್ನು ರಂಗ ನೋಡಿದ್ದು ಅದೇ ಮೊದಲು.

“ಸರಿ,” ಅಂದರು ಕೊನೆಗೆ.

ರಂಗ ಮುಂದೆ ಬಂದು ಹಲಗೆ ಮುಟ್ಟಿದ. ಗಂಟೆ ಠಣ್ ಅಂತು. ಇನ್ನೊಮ್ಮೆ ಮುಟ್ಟಿದ. ಠಣ್.

“ಸರಿಯಾಗೇ ಇದೆ ಆಚಾರ್ರೇ! ನನ್ನ ಬೆರಳಿಗೆ ಕೇಳುತ್ತೆ!”

“ನಿನ್ನ ಬೆರಳಿಗೆ ಯಾರು ಬೇಕಾದರೂ ಕೇಳ್ತಾರೆ ಬಿಡೋ,” ಅಂದರು ಗುರು.

ಸೋಮವಾರ ಬೆಳಗ್ಗೆ ಅವರು ರಂಗನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡರು.

“ಅವಳ ಪಕ್ಕದಲ್ಲಿ ಹೋಗಿ ಕೂತ್ಕೋ. ಏನೂ ಮಾಡಬೇಡ.”

“ಎಷ್ಟು ಹೊತ್ತು?”

“ಈ ಪ್ರಶ್ನೆ ಹೋಗೋ ತನಕ.”

ರಂಗ ಕೂತ. ಸಾವಂತ್ರಮ್ಮ ಅವನನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಊಟ ಮಾಡಿದೆಯೇನೋ ಅಂತ ಕೇಳುವ ನೋಟವೇ ಇತ್ತು.

“ಅಮ್ಮಾವ್ರೇ, ತಪ್ಪಾಯ್ತು.”

ಅವರ ಬೆರಳು ಹೊರಟಿತು. ಕೈ ಇದ್ದಲ್ಲಿಂದ ಹಲಗೆಗೆ ನಾಲ್ಕು ಬೆರಳು ದೂರ. ಬೆರಳು ಅಂಗೈಯನ್ನೂ ಎಳೆದುಕೊಂಡು ತೆವಳಿತು, ನಿಂತಿತು, ಮತ್ತೆ ತೆವಳಿತು. ಗಾಜಿನ ಮೇಲೆ ಒಂದು ಅಕ್ಕಿಕಾಳಿನ ಎತ್ತರದಲ್ಲಿ ನಡುಗುತ್ತಾ ನಿಂತು ಇಳಿಯತೊಡಗಿತು. ರಂಗ ಮನಸ್ಸಿನಲ್ಲೇ ಎಣಿಸಿದ. ಪೂರ್ತಿ ಊರಲು ಹನ್ನೊಂದು ಸೆಕೆಂಡು.

ಅವನು ಡಬ್ಬಿಯ ಅಂಕಿಗಳನ್ನು ನೋಡಿದ. ಲೆಕ್ಕ ಒಂದೊಂದಾಗಿ ಏರುತ್ತಿತ್ತು. ‘ಸುಮ್ಮನೆ’ಯೂ ಅದರ ಬೆನ್ನಿಗೇ ಏರುತ್ತಿತ್ತು. ಹನ್ನೆರಡರ ಅಂತರ ಒಮ್ಮೆಯೂ ಬೀಳಲಿಲ್ಲ.

ರಂಗ ಎದ್ದು ಶೆಡ್ಡಿಗೆ ಬಂದು ಗುರುಗಳ ಮುಂದೆ ಕುಕ್ಕರಿಸಿ ಅತ್ತುಬಿಟ್ಟ.

“ಅಮ್ಮಾವ್ರು ನಿಧಾನಕ್ಕೆ ಬರ್ತಾರೆ ಆಚಾರ್ರೇ. ಬಂದಷ್ಟೂ ನನ್ನ ಡಬ್ಬಿ ಅವರಿಗೆ ಒಗ್ಗಿಕೊಂಡು ಬಿಡುತ್ತೆ. ಅವರು ನೀರು ನೀರು ಅಂತಿದ್ದಾರೆ, ಇದು ಸುಮ್ಮನೆ ಸುಮ್ಮನೆ ಅಂತಿದೆ.”

ಗುರು ಅವನ ತಲೆ ಸವರಿದರು.

“ಅಳಬೇಡ. ನದಿಯಲ್ಲಿ ನಿಲ್ಲಿಸಿದಾಗ ನಾನು ಹೇಳಿದ್ದೂ ಅರ್ಧ ಪಾಠವೇ. ಎರಚಿದ್ದು ಮಾತ್ರ ಮುಟ್ಟಿದ್ದು ಅಂತ ಕಲಿಸಿಬಿಟ್ಟೆ.”

“ಉಳಿದ ಅರ್ಧ?”

“ನನಗೂ ಗೊತ್ತಿರ್ಲಿಲ್ಲ. ಇವಳ ಹತ್ತಿರ ನಾನೂ ಈಗ ಕಲೀತಾ ಇದ್ದೀನಿ.”

ಇಬ್ಬರೂ ಕೂತು ಲೆಕ್ಕ ಹಾಕಿದರು.

“ಮಂಜು ಇಪ್ಪತ್ತೈದು ಏರೋಕೆ ಎಷ್ಟು ಹೊತ್ತು?” ಗುರು ಕೇಳಿದರು.

“ಒಂದು ಗಂಟೆ.”

“ಇವಳು ಹದಿನೆಂಟು ಏರೋಕೆ?”

“ಹನ್ನೊಂದು ಸೆಕೆಂಡು. ಅಂದರೆ… ಅಮ್ಮಾವ್ರು ಎಷ್ಟೇ ನಿಧಾನ ಅಂದರೂ ಮಂಜಿಗಿಂತ ಬೇಗ! ‘ಸುಮ್ಮನೆ’ ನಿಮಿಷಕ್ಕೆ ಒಂದು ಏರಿದರೆ ಸಾಕು. ಗಂಟೆ ಹೊಡೆದ ಮೇಲೆ, ಬೆರಳು ಅಲ್ಲಿರೋ ತನಕ, ಏರಲೇಬಾರದು.”

“ಯಾಕೆ?”

“ಅವರು ಇನ್ನೂ ಹೇಳ್ತಾ ಇರ್ತಾರಲ್ಲ. ಹೇಳೋರು ಹೇಳಿ ಮುಗಿಸೋ ಮುಂಚೆ ಒಗ್ಗಿಕೊಳ್ಳಬಾರದು.”

ಗುರುಗಳಿಗೆ ಖುಷಿಯಾಯಿತು. ತೋರಿಸಿಕೊಳ್ಳಲಿಲ್ಲ.

“ಏರೋದು ನಿಧಾನ ಆಯ್ತು. ಇಳಿಯೋದು?”

“ಅದೂ ನಿಧಾನ. ಎರಡಕ್ಕೂ ಒಂದೇ ನ್ಯಾಯ.”

“ಒಂದು ಕೋಣೆಯಲ್ಲಿ ಯಾರೂ ಇಲ್ಲ ಅಂತಿಟ್ಕೋ. ಅದಕ್ಕಿಂತ ಕಡಿಮೆ ಜನ ಇರೋಕಾಗುತ್ತಾ?”

“ಅದು ಹೇಗೆ ಆಚಾರ್ರೇ? ಆಗಲ್ಲ.”

“ಲೆಕ್ಕ ‘ಸುಮ್ಮನೆ’ಗಿಂತ ಕೆಳಗೆ ಹೋಯ್ತು ಅನ್ನು. ತಪ್ಪು ಯಾರದ್ದು?”

ರಂಗ ತಲೆ ಕೆರೆದುಕೊಂಡ. “ನಾನು ಯಾವುದನ್ನ ‘ಸುಮ್ಮನೆ’ ಅಂದುಕೊಂಡಿದ್ದೆನೋ ಅದೇ ತಪ್ಪು.”

“ತಪ್ಪು ಅಂತ ಗೊತ್ತಾದ ಮೇಲೆ ನಿಮಿಷಕ್ಕೆ ಒಂದೊಂದು ಅಂತ ಒಪ್ಕೋತೀಯೇನು?”

“ಇಲ್ಲ. ಆ ಕ್ಷಣವೇ ಇಳೀಬೇಕು.”

ಹಾಗೆಯೇ ಮಾಡಿದ. ಈ ಸಲ ಪರೀಕ್ಷೆಗೆ ತನ್ನ ಬೆರಳು ಇಡಲಿಲ್ಲ. ಮಂಗಳವಾರ, ಬುಧವಾರ, ಗುರುವಾರ ಸಾವಂತ್ರಮ್ಮನ ಪಕ್ಕದಲ್ಲೇ ಕೂತ. ಅವರು ಹದಿನಾಲ್ಕು ಸಲ ಕರೆದರು. ಹದಿನಾಲ್ಕು ಸಲವೂ ಗಂಟೆ ಹೊಡೆಯಿತು. ಹದಿನೈದನೆಯ ಸಲ ರಂಗ ತೂಕಡಿಸುತ್ತಿದ್ದಾಗ ‘ಬನ್ನಿ’ ಹೊಡೆಯಿತು. ಧಡಕ್ಕನೆ ಎದ್ದ. ಅವರಿಗೆ ಏನೂ ಬೇಕಿರಲಿಲ್ಲ. ಎಡಗಡೆಯ ತುಟಿ ಒಂದು ಚೂರು ನಗುತ್ತಿತ್ತು.

ಆದರೂ ಶುಕ್ರವಾರ ಬಂತು. ಪುಟ್ಟಗೌರಮ್ಮ ಕಾರು ತಂದರು.

“ಈಗ ಚೆನ್ನಾಗಿ ಕೇಳುತ್ತೆ ಚಿಕ್ಕಮ್ಮ, ನೋಡಿ,” ಅಂತ ರಂಗ ಗೋಗರೆದ.

“ಅವತ್ತೂ ಚೆನ್ನಾಗೇ ಇದೆ ಅಂದಿದ್ದೆ ಕಣಪ್ಪ,” ಅಂದರು ಪುಟ್ಟಗೌರಮ್ಮ. ಗದರಲಿಲ್ಲ. ಅವರ ಕಣ್ಣೂ ತುಂಬಿತ್ತು. “ಅಕ್ಕನ ಜೀವ ನಿನ್ನ ಡಬ್ಬಿ ನಂಬ್ಕೊಂಡು ಬಿಟ್ಟು ಹೋಗೋಕೆ ನನಗೆ ಧೈರ್ಯ ಇಲ್ಲ.”

ಗುರು ಶುಕ್ರವಾರ ಅಂತ ಒಪ್ಪಿದ್ದರು, ಒಪ್ಪಿದ ಮೇಲೆ ಮುಗಿಯಿತು. ಹೆಂಡತಿಯ ಕಾಲ ಹತ್ತಿರ ಕೂತು, ಉಣ್ಣೆಯ ಕಾಲುಚೀಲ ತೊಡಿಸುತ್ತಿದ್ದರು. ಪೊರೆ ಬಂದ ಕಣ್ಣಿಗೆ ಎಡ ಬಲ ತಿಳಿಯದೆ ಎರಡು ಸಲ ಬಿಚ್ಚಿ ತೊಡಿಸಿದರು.

ಪುಟ್ಟಗೌರಮ್ಮ ಬೀರು ತೆಗೆದು ಅಕ್ಕನ ಸೀರೆಗಳನ್ನು ಒಂದೊಂದಾಗಿ ಸೂಟ್‌ಕೇಸಿಗೆ ತುಂಬುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಡಬ್ಬಿಯ ಅಂಕಿ ಆರಿತು.

ಅರ್ಧ ಗಂಟೆಯ ಮೇಲೆ ಕರೆಂಟು ಬಂದಾಗ ಸೂಟ್‌ಕೇಸಿನ ಬೀಗ ಹಾಕಿ ಬಾಗಿಲ ಹೊರಗೆ ಇಟ್ಟಾಗಿತ್ತು.

“ನೋಡು ರಂಗ,” ಪುಟ್ಟಗೌರಮ್ಮ ಕೈ ತೋರಿಸಿದರು. “ಅಕ್ಕನ ಬೆರಳು ಹಲಗೆ ಮೇಲೇ ಇದೆ. ಎಲ್ಲಿ ನಿನ್ನ ಗಂಟೆ?”

ನಿಜ. ಬೆರಳು ಗಾಜಿನ ಮೇಲಿತ್ತು. ಗಂಟೆ ಹೊಡೆದಿರಲಿಲ್ಲ.

ರಂಗ ಡಬ್ಬಿಯತ್ತ ಬಗ್ಗಿದ. ಅಂಕಿ ನೋಡಿದ. ಲೆಕ್ಕ ಆರು ನೂರ ಹದಿನೆಂಟು. ‘ಸುಮ್ಮನೆ’ಯೂ ಆರು ನೂರ ಹದಿನೆಂಟು. ಅವನಿಗೆ ಥಟ್ಟನೆ ತಿಳಿಯಿತು. ಕರೆಂಟು ಬಂದಾಗ ಡಬ್ಬಿ ಹೊಸದಾಗಿ ಕಣ್ಣು ಬಿಟ್ಟಿದೆ. ಆಗಲೇ ಬೆರಳು ಅಲ್ಲಿತ್ತು. ಬೆರಳನ್ನೂ ಸೇರಿಸಿಯೇ ‘ಸುಮ್ಮನೆ’ ಅಂದುಕೊಂಡಿದೆ.

ಅಂದರೆ ಕರೆಂಟು ಇಲ್ಲದಾಗಿನಿಂದಲೂ ಅವರು ಮುಟ್ಟಿಕೊಂಡೇ ಇದ್ದರು.

ರಂಗ ಅವರ ಕೈ ಹಿಡಿದು ಎತ್ತಲು ಹೋದ. ಗುರು ಅವನ ಭುಜ ಹಿಡಿದರು.

“ನೀನು ಎತ್ತಿದರೆ ಅದು ನಿನ್ನ ಮಾತಾಗುತ್ತೆ.”

ರಂಗ ಮಂಚದ ಪಕ್ಕ ಮಂಡಿಯೂರಿದ.

“ಅಮ್ಮಾವ್ರೇ, ಒಂದೇ ಒಂದು ಸಲ ಬೆರಳು ಎತ್ತಿ. ಒಂದು ಅಕ್ಕಿಕಾಳಿನಷ್ಟು ಸಾಕು. ಆಮೇಲೆ ಮತ್ತೆ ಇಡಿ. ನಾನು ಇಲ್ಲೇ ಇದ್ದೀನಿ.”

ಇಡುವುದಕ್ಕಿಂತ ಎತ್ತುವುದು ಅವರಿಗೆ ಕಷ್ಟ. ಹಣೆಯಲ್ಲಿ ಬೆವರು ಒಡೆಯಿತು. ಬೆರಳು ನಡುಗಿತು, ಬಿತ್ತು, ಮತ್ತೆ ನಡುಗಿತು. ಕಾರಿನ ಡ್ರೈವರ್ ಹೊರಗಿನಿಂದ ಹಾರ್ನ್ ಹೊಡೆದ. ಪುಟ್ಟಗೌರಮ್ಮ ಕಿಟಕಿಯಿಂದ ಕೈ ಮಾಡಿ ಅವನನ್ನು ಸುಮ್ಮನಿರಿಸಿದರು.

ಬೆರಳು ಎದ್ದಿತು.

ಲೆಕ್ಕ ಆರು ನೂರಕ್ಕೆ ಬಿತ್ತು. ಆ ಕ್ಷಣವೇ ‘ಸುಮ್ಮನೆ’ಯೂ ಆರು ನೂರಕ್ಕೆ ಇಳಿಯಿತು.

ಬೆರಳು ಮತ್ತೆ ಇಳಿಯತೊಡಗಿತು. ಆರು ನೂರ ಮೂರು. ಏಳು. ಒಂಬತ್ತು. ಆರು ನೂರ ಹನ್ನೊಂದು. ಹದಿಮೂರು.

ಗಂಟೆ ಹೊಡೆಯಿತು. ಕೆಂಪು ದೀಪ ಹತ್ತಿತು.

ನೋವು.

ಪುಟ್ಟಗೌರಮ್ಮ ಗಾಬರಿಯಾಗಿ ಹತ್ತಿರ ಬಂದರು. “ಎಲ್ಲಕ್ಕಾ? ಬೆನ್ನಾ? ಕಾಲಾ? ಭಾವ, ಕಾಲುಚೀಲ ಬಿಗಿಯಾಯ್ತೇನೋ ನೋಡಿ.”

ಗುರು ಕಾಲುಚೀಲ ಸಡಿಲಿಸಿದರು. ದೀಪ ಆರಲಿಲ್ಲ. ಬೆರಳು ಅಲ್ಲೇ ಇತ್ತು. ದಿಂಬು ಸರಿಸಿದರು, ಬೆನ್ನಿನ ಕೆಳಗೆ ಕೈ ಹಾಕಿ ನೋಡಿದರು. ದೀಪ ಉರಿಯುತ್ತಲೇ ಇತ್ತು.

ಗುರು ಹೆಂಡತಿಯ ಮುಖದ ಹತ್ತಿರ ಬಗ್ಗಿದರು.

“ಎಲ್ಲಿ ನೋವು, ಸಾವಂತ್ರಿ?”

ಸಾವಂತ್ರಮ್ಮ ಗಂಡನ ಮುಖ ನೋಡಿದರು. ಆಮೇಲೆ ಅವರ ಕಣ್ಣು ನಿಧಾನವಾಗಿ ಬಾಗಿಲ ಕಡೆ ಹೊರಳಿ, ಹೊರಗಿದ್ದ ಸೂಟ್‌ಕೇಸಿನ ಮೇಲೆ ನಿಂತಿತು.

ಪುಟ್ಟಗೌರಮ್ಮನೂ ಆ ಕಡೆ ತಿರುಗಿದರು. ಸೆರಗು ಬಾಯಿಗೆ ಹೋಯಿತು. “ಇಲ್ಲ, ಇಲ್ಲ… ಡಬ್ಬಿ ಏನೋ ತಪ್ಪು ಬಾರಿಸ್ತಿರಬೇಕು. ರಂಗ, ಅದೇನು ನೋಡಪ್ಪ.”

ರಂಗ ಅಂಕಿ ನೋಡಲು ಬಗ್ಗಿದ. ಗುರು ಅವನ ಕಣ್ಣಿಗೆ ಕೈ ಅಡ್ಡ ಹಿಡಿದರು.

“ಡಬ್ಬಿಗೆ ಕೇಳಿಸಿದೆ ಗೌರಿ. ನೀನು ಸೂಟ್‌ಕೇಸ್ ಬಿಚ್ಚು.”